ತೆಗೆಯಿರಿ ಎಂದು ಯಾರು ಹೇಳಬೇಕು?

ವೇದಿಕೆಯ ದೊಡ್ಡ ಕುರ್ಚಿಯಲ್ಲಿರುವ ಅಧ್ಯಕ್ಷರೇ, ಮುಖ್ಯ ಅತಿಥಿಗಳೇ, ಹೆಡ್‌ಮಾಸ್ಟರ್ ತಿರುಮಲೇಶ್ವರ ಅವರೇ, ಶನಿವಾರಸಂತೆಯ ಸುತ್ತಮುತ್ತಲಿಂದ ಬಂದು ಊಟದ ಪೆಂಡಾಲಿನ ಕಡೆಗೇ ಕತ್ತು ತಿರುಗಿಸಿರುವ ಸಭಿಕರೇ,

ಕಂಪ್ಯೂಟರ್ ಕೋಣೆಗೆ ಸೂರು ಹಾಕಿಸಿಕೊಟ್ಟನೆಂದು ಈ ಶಿವಶಂಕರಪ್ಪನಿಗೆ ಶಾಲು ಹೊದಿಸುತ್ತೀರಂತೆ. ಸಂತೋಷ. ಆದರೆ ಶಾಲಿಗೂ ಮೊದಲು ಮಾತು ಎಂದು ನಾನೇ ಮೈಕು ಕಿತ್ತುಕೊಂಡೆ. ಮುಖ್ಯ ಅತಿಥಿಗಳು ಅರ್ಧ ಗಂಟೆ ‘ಡಿಜಿಟಲ್ ಯುಗ’ದ ಬಗ್ಗೆ ಹೇಳಿದರು. ಏನು ಹೇಳಿದರು ಎಂದು ಪಕ್ಕದ ಕುರ್ಚಿಯವರನ್ನು ಕೇಳಿದೆ, ಅವರು ನಿದ್ರೆಯಲ್ಲಿದ್ದರು.

ಮುಂದಿನ ವರ್ಷದಿಂದ ಕನ್ನಡದಲ್ಲಿ ಹಿಂದುಳಿದ ಮಕ್ಕಳಿಗೆ ಕೋಡಿಂಗ್ ಇಲ್ಲ, ಆ ಪಿರಿಯಡ್ಡಿನಲ್ಲಿ ಅವರು ಕಾಪಿ ಬರೆಯಬೇಕು ಎಂದು ಶಾಲೆ ತೀರ್ಮಾನಿಸಿದೆ. ನನ್ನ ಮೊಮ್ಮಗಳು ದೀಕ್ಷಿತಾ ಆ ಗುಂಪಿನಲ್ಲಿದ್ದಾಳೆ. ‘ಭಾಷೆಯೇ ಬಾರದವಳಿಗೆ ಕಂಪ್ಯೂಟರ್ ಯಾಕೆ ಶಿವಶಂಕರಪ್ಪನವರೇ?’ ಎಂದು ಹೆಡ್‌ಮಾಸ್ಟರು ನನ್ನನ್ನೇ ಕೇಳಿದರು. ಭಾಷೆ ಬಾರದಿರುವುದು ಯಾರಿಗೆ ಸ್ವಾಮಿ?

ಕಳೆದ ವರ್ಷದ ಕೊಯ್ಲು. ಕಾಫಿ ಕಣದಲ್ಲಿ ಒಣಗುತ್ತಿತ್ತು. ನಾನು ನೆಂಟರ ಮದುವೆಗೆ ಮಡಿಕೇರಿಗೆ ಹೊರಟಿದ್ದೆ. ಅಕಾಲದ ಮೋಡ. ‘ಮಳೆ ಬಂದ್ರೆ ಟಾರ್ಪಾಲು ಮುಚ್ಚಿ’ ಎಂದು ಕೂಗಿ ಹೋದೆ. ಮಳೆ ಬಂತು, ಮುಚ್ಚಿದರು. ಮಳೆ ನಿಂತು ಸುಡು ಬಿಸಿಲು ಬಂತು. ಟಾರ್ಪಾಲು ಹಾಗೇ ಇತ್ತು. ನಾನು ಮರಳುವಷ್ಟರಲ್ಲಿ ಅದರಡಿ ಕಾಫಿ ಬೆವೆತು ಬೂಷ್ಟು ಹಿಡಿದಿತ್ತು. ಬಾಯಿಗೆ ಬಂದಂತೆ ಬೈದೆ. ಕಣ ನೋಡಿಕೊಳ್ಳುವ ತುಳಸಿ ಸೆರಗು ಸೊಂಟಕ್ಕೆ ಸಿಕ್ಕಿಸಿ, ‘ಮುಚ್ಚಿ ಅಂದ್ರಿ, ಮುಚ್ಚಿದ್ವಿ ಅಯ್ಯಾ. ಹೋದ್ಸಲ ಕೇಳ್ದೆ ತೆಗ್ದಿದ್ದಕ್ಕೂ ಬೈದ್ರಲ್ಲ!’ ಎಂದಳು.

ಆಗ ಜಗಲಿಯಿಂದ ದೀಕ್ಷಿತಾ: ‘ತಾತ, ಮಳೆ ನಿಂತ್ರೆ ಏನ್ ಮಾಡ್ಬೇಕು ಅಂತ ನೀವು ಹೇಳೇ ಇಲ್ವಲ್ಲ. ಕಂಪ್ಯೂಟ್ರೂ ಹಿಂಗೇ. ಅರ್ಧ ಹೇಳಿದ್ರೆ ಅರ್ಧನೇ ಮಾಡುತ್ತೆ.’

ಮಾತೇ ಆಡದ ಹುಡುಗಿ! ಏನಾಯಿತೇ ಎಂದರೆ ‘ಅದು... ಅದೇ...’ ಎಂದು ಬಾಯಿ ಮುಚ್ಚಿಕೊಳ್ಳುತ್ತಿದ್ದವಳು. ಕೋಡಿಂಗಿನಲ್ಲಿ ಇವಳಿಗೆ ಪರದೆಯ ಮೇಲಿನ ಬೆಕ್ಕನ್ನು ಬೇಲಿ ಹಾರಿಸುವುದನ್ನು ಕಲಿಸಿದರು. ಮೊದಲು ಓಡಬೇಕೋ ಹಾರಬೇಕೋ, ಎಲ್ಲಿಂದ ಹಾರಬೇಕು, ಬಿದ್ದರೆ ಏನು, ಎಲ್ಲವನ್ನೂ ಬಿಡಿಸಿ ಹೇಳದಿದ್ದರೆ ಬೆಕ್ಕು ನಿಂತಲ್ಲೇ ನಿಲ್ಲುತ್ತದೆ. ಗದರುವುದಿಲ್ಲ, ನಗುವುದಿಲ್ಲ, ತಿದ್ದಿ ಹೇಳುವ ತನಕ ಕಾಯುತ್ತದೆ. ನಿಮ್ಮಲ್ಲಿ ಯಾವ ಮೇಷ್ಟ್ರು ಹಾಗೆ ಕಾದಿದ್ದೀರಿ? ಆ ದಿನ ಇವಳೇ ಕಣಕ್ಕಿಳಿದು ಹೇಳಿದಳು: ‘ಮಳೆ ಬಂದ್ರೆ ಮುಚ್ಚಿ. ನಿಂತು ಬಿಸ್ಲು ಬಂದ್ರೆ ತೆಗೀರಿ. ಯಾವ್ದೂ ಗೊತ್ತಾಗ್ದಿದ್ರೆ ತಾತಂಗೆ ಫೋನ್ ಮಾಡಿ.’

‘ಮೂರ್ನೇದು ಬ್ಯಾಡ ಕಣವ್ವ’ ಎಂದಳು ತುಳಸಿ.

ನಗಿ, ನಗಿ. ಈ ಸಲದ ಪರೀಕ್ಷೆಯಲ್ಲಿ ‘ನಮ್ಮೂರಿನ ಬೆಳೆ’ ಎಂಬ ಪ್ರಬಂಧಕ್ಕೆ ಕಾಫಿ ಒಣಗಿಸುವ ಬಗೆಯನ್ನೇ ಸ್ವಂತ ಮಾತಿನಲ್ಲಿ ಬರೆದಳು. ಅಂಕ ಕೊಡಲಿಲ್ಲ. ಯಾಕೆ? ಗೈಡಿನಲ್ಲಿದ್ದಂತೆ ಇಲ್ಲವಂತೆ! ಗೈಡು ಬರೆದವನು ಕಣ ಕಂಡಿದ್ದಾನೆಯೇ? ಬಾಯಿಪಾಠ ಮಾಡಿದವನಿಗೆ ಭಾಷೆ ಬರುತ್ತದೆ, ಯೋಚಿಸಿ ಬರೆದವಳಿಗೆ ಬರುವುದಿಲ್ಲ. ಬಹಳ ಚೆನ್ನಾಗಿದೆ ನಿಮ್ಮ ತಕ್ಕಡಿ!

ನಾನು ಓದಿದ್ದು ನಾಲ್ಕನೇ ಕ್ಲಾಸು. ಪದ್ಯ ಒಪ್ಪಿಸಲು ಬಾರದವನೆಂದು ಮೇಷ್ಟ್ರು ತಮ್ಮ ಹಿತ್ತಲಿಗೆ ನೀರು ಹೊರಲು ಕಳಿಸುತ್ತಿದ್ದರು. ಉಳಿದವರು ಪದ್ಯ ಹೇಳುವುದು ಬಾವಿಕಟ್ಟೆಗೆ ಕೇಳಿಸುತ್ತಿತ್ತು. ಕೇಳಿ ಕೇಳಿ ನನಗೂ ಬಂತು. ಒಳಗೆ ಬಾ, ಒಪ್ಪಿಸು ಎಂದು ಯಾರೂ ಕರೆಯಲಿಲ್ಲ. ಅದು ಬಿಡಿ. ಹಳೆಯ ಮಾತು.

ಹೆಡ್‌ಮಾಸ್ಟರೇ, ಶಾಲು ಮೇಜಿನ ಮೇಲಿದೆ. ಆ ಮಕ್ಕಳನ್ನು ಕಂಪ್ಯೂಟರ್ ಕೋಣೆಯೊಳಗೆ ಬಿಡುತ್ತೇವೆಂದು ಇದೇ ಮೈಕಿನಲ್ಲಿ ಹೇಳಿದರೆ, ಕತ್ತು ಬಗ್ಗಿಸುತ್ತೇನೆ, ಹೊದಿಸಿ. ಇಲ್ಲದಿದ್ದರೆ ಅದನ್ನು ನೀವೇ ಹೊದ್ದುಕೊಳ್ಳಿ. ಮುಂದೆ ಮಳೆಗಾಲವಿದೆ, ಆ ಕೋಣೆಯ ಸೂರಿನ ತಗಡು ನನ್ನದು. ನೋಡಿ, ಎರಡನ್ನೂ ಹೇಳಿದ್ದೇನೆ. ಈ ಸಲ ಅರ್ಧಕ್ಕೆ ಬಿಟ್ಟಿಲ್ಲ.

ಹಸಿವು ತಡೆದುಕೊಂಡು ಕೇಳಿದ ನಿಮಗೆಲ್ಲ ನಾನು ಋಣಿ. ತಗೊಳ್ಳಿ ಹೆಡ್‌ಮಾಸ್ಟರೇ, ಮೈಕು. ನಮಸ್ಕಾರ.