ಅಪೊಂಡಿಯ ಅಮ್ಮ

ಕಿಸುಮು ಪಟ್ಟಣದ ಬಸ್ ಸಾಲಿನಲ್ಲಿ ಮೀನಿನ ಬುಟ್ಟಿ ಹಿಡಿದು ನಿಂತಿದ್ದ ಮೀನುಗಾರ್ತಿ ಅಕೆಯೊಗೆ, ಮುಂದಿದ್ದ ಇಬ್ಬರು ರೇಡಿಯೋ ನಾಟಕಗಾರ್ತಿಯರ ಮಾತು ಕಿವಿಗೆ ಬಿತ್ತು. ಹಿರಿಯಳು ಗದರುತ್ತಿದ್ದಳು.

“ನಾಟಕದಲ್ಲಿ ನೆನಪು ಹೋದವನ ಕಣ್ಣಲ್ಲಿ ಕಥೆ ಹೇಳ್ತಾ ‘ಅಪೊಂಡಿಯ ಅಮ್ಮ ಬಂದಳು’ ಅಂತ ಬರ್ದಿದೀಯಲ್ಲೇ! ಅವನಿಗೆ ಈಗ ಹೆಂಡ್ತೀನೂ ಯಾರೋ ಹೆಂಗಸು.”

“ಹಾಗೆ ಬರೆಯೋಕೆ ಕೈ ಬರಲ್ಲ ಅಕ್ಕಾ. ಮನೇಲಿ ದಿನಾ ನಾನೂ ಯಾರೋ ಹೆಂಗಸೇ.”

“ನಿನ್ನ ಗಂಡಂಗೆ ಇನ್ನೂ ಗುರುತು ಹತ್ತಿಲ್ವಾ?”

“ನಿನ್ನೆ ನಮ್ಮ ಅಪೊಂಡಿಯ ಚಪ್ಪಲಿ ನೋಡಿ, ‘ನಿಮ್ಮ ಮಗೂದಾ, ತಾಯೀ?’ ಅಂದ್ರು.”

“ಅವರ ನೆನಪು ಹೋದ ಅಪಘಾತದಲ್ಲೇ ಮಗೂನೂ ಹೋಯ್ತು ಅಂತ ಹೇಳಿದ್ಯಾ?”

“ಇಲ್ಲ. ಅಜ್ಜಿ ಮನೇಲಿದಾಳೆ ಅಂದೆ.”

“ನೆನಪು ಬಂದ್ರೆ?”

“ಬರೋದು ಬೇಡ. ಅವಳನ್ನ ಮಣ್ಣು ಮಾಡಿದ್ದು ನನ್ನೊಬ್ಬಳಿಗೆ ನೆನಪಿದ್ರೆ ಸಾಕು.”

“ಆದ್ರೂ ನಾಟಕದ ಆ ಸಾಲು ಹೊಡೆದು ಹಾಕ್ಲೇಬೇಕು.”

“ಹಾಕ್ತೀನಿ.”

ಬಸ್ಸು ಬಂತು. ಹಿರಿಯಳು ಕಿರಿಯಳ ಮೊಣಕೈ ಹಿಡಿದು ಮುಂದೆ ಬಿಟ್ಟಳು.

“ಹತ್ತು, ಅಪೊಂಡಿಯ ಅಮ್ಮ.”