ಹನ್ನೆರಡು ಕಂಟಕ, ಒಂದು ಮೀನು

ಒಂದು ಊರಿನಲ್ಲಿ ಒಬ್ಬ ಸಾಹುಕಾರನಿದ್ದ. ಹೊಸ ಮನೆ ಕಟ್ಟಿಸಿದ, ಅದೇ ತಿಂಗಳು ಮಗನ ಮದುವೆಯನ್ನೂ ಮಾಡಿದ. ಜನರ ಕಣ್ಣು ಬೀಳದೆ ಇರುತ್ತದೆಯೇ? ಗಾಜಿನ ತೊಟ್ಟಿಯಲ್ಲಿ ಮೀನು ಸಾಕಿದರೆ, ಮನೆಗೆ ಬರುವ ಕಂಟಕವನ್ನು ಮೀನು ತನ್ನ ಮೇಲೆ ಹಾಕಿಕೊಂಡು ಸಾಯುತ್ತದೆ ಎಂದು ಯಾರೋ ಹೇಳಿದರು. ಸಾಹುಕಾರ ಅಂದೇ ತೊಟ್ಟಿ ತರಿಸಿದ, ಅಂದೇ ನಲ್ಲಿ ನೀರು ತುಂಬಿಸಿದ, ಅಂದೇ ಹದಿಮೂರು ನಿಯಾನ್ ಟೆಟ್ರಾ ಬಿಟ್ಟ. ನೀಲಿ ಗೆರೆಯ, ಬೆಂಕಿಕಡ್ಡಿಯಷ್ಟು ಉದ್ದದ ಮೀನುಗಳು.

ನೋಡಿ, ಮೂರನೆಯ ದಿನ ಎರಡು ಸತ್ತವು. "ಎರಡು ಕಂಟಕ ಹೋಯ್ತು" ಎಂದು ಸಾಹುಕಾರ ಕೈಮುಗಿದ. ಮರುದಿನ ನಾಲ್ಕು ಸತ್ತವು. ಪಾಯಸ ಮಾಡಿಸಿದ. ಶುದ್ಧವಾಗಿರಲಿ ಎಂದು ದಿನಾ ಸ್ನಾನವಾದ ಮೇಲೆ ನೀರನ್ನೆಲ್ಲ ಚೆಲ್ಲಿ, ತಳದ ಕಲ್ಲು, ನೀರು ಸೋಸುವ ಸ್ಪಂಜು ಎಲ್ಲವನ್ನೂ ತಾನೇ ಸೋಪು ಹಾಕಿ ಉಜ್ಜುತ್ತಿದ್ದ. ಬಂದ ನೆಂಟರೆಲ್ಲ ಪುಣ್ಯಕ್ಕೆಂದು ಒಂದೊಂದು ಚಿಟಿಕೆ ಆಹಾರ ಹಾಕುತ್ತಿದ್ದರು. ಹತ್ತು ದಿನದಲ್ಲಿ ಹನ್ನೆರಡು ಕಂಟಕ ಕಳೆದವು. ಒಂದು ಮನೆಗೆ ಎಷ್ಟು ಕಂಟಕ ಬರಬೇಕು ಸ್ವಾಮಿ? ಅದನ್ನು ಆತ ಕೇಳಿಕೊಳ್ಳಲಿಲ್ಲ.

ಉಳಿದ ಒಂದು ಮೀನು ಮೂಲೆಯ ಕಲ್ಲಿನ ಹಿಂದೆ ಸೇರಿತು. ತಿನ್ನಲಿಲ್ಲ. ಹೊಸ ಸೊಸೆಯೊಬ್ಬಳೇ ಅದರ ಮುಂದೆ ಕೂತಿರುತ್ತಿದ್ದಳು. ಅವಳೂ ಸರಿಯಾಗಿ ಉಣ್ಣುತ್ತಿರಲಿಲ್ಲ. "ದೃಷ್ಟಿಯಾಗಿದೆ" ಎಂದು ಅತ್ತೆ ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು.

ಸಾಹುಕಾರ ಇನ್ನಷ್ಟು ಮೀನು ತರಲು ಅಂಗಡಿಗೆ ಹೋದ. ಅಂಗಡಿಯವ ಎಲ್ಲವನ್ನೂ ಕೇಳಿ, "ಮೀನಿನ ಹೊಲಸನ್ನ ಅರಗಿಸೋ ಸೂಕ್ಷ್ಮಜೀವಿ ಆ ಕಲ್ಲು, ಸ್ಪಂಜಲ್ಲೇ ಬೆಳೀಬೇಕು ಯಜಮಾನ್ರೆ. ತಿಂಗಳಾದ್ರೂ ಬೇಕು. ನೀವು ದಿನಾ ತೊಳೆದು ಹಾಕಿದ್ದು ಅದನ್ನೇ" ಎಂದ.

"ಹಾಗಾದ್ರೆ ಕಂಟಕ ಯಾವುದು?"

ಅಂಗಡಿಯವ ಗಿರಾಕಿಗೆ ಮರ್ಯಾದೆ ಕೊಡುವವನು. ಸಾಹುಕಾರನ ಮುಖವನ್ನೇ ನೋಡಿದ. ಆಮೇಲೆ ಹೇಳಿದ: "ನಮ್ಮ ತೊಟ್ಟಿಯ ಹಳೇ ಸ್ಪಂಜು ಕೊಡ್ತೀನಿ, ಮೊದಲು ಅದನ್ನ ಹಾಕಿ. ತೊಳೀಬೇಡಿ. ಇದು ಗುಂಪಿನ ಮೀನು, ಜೊತೆಗೆ ಐದಾರಾದ್ರೂ ಇರಬೇಕು. ಒಂಟಿಯಾದ್ರೆ ಹೆದರಿ ಊಟ ಬಿಡುತ್ತೆ."

ಊಟ ಬಿಡುತ್ತೆ ಎಂದದ್ದೇ ತಡ, ಸಾಹುಕಾರನಿಗೆ ಸೊಸೆಯ ನೆನಪಾಯಿತು. ನಾಲ್ವರು ತಂಗಿಯರ ಜೊತೆ ಬೆಳೆದ ಹುಡುಗಿ. ತವರಿನ ಅಭ್ಯಾಸವನ್ನೆಲ್ಲ ಬಿಟ್ಟು ಬಾ ಎಂದು ಮೊದಲ ದಿನವೇ ಹೇಳಿದವನು ತಾನೇ.

ಮನೆಗೆ ಬಂದು ಸ್ಪಂಜು ಹಾಕಿದ. "ತಾಯಿ, ನಿನ್ನ ತಂಗಿಯರನ್ನ ಕರೆಸ್ಕೊ. ಎಷ್ಟು ದಿನ ಬೇಕಾದ್ರೂ ಇರ್ಲಿ" ಎಂದ. ಸೊಸೆ ಅತ್ತಳು. ಅಂದು ಎರಡು ಸಲ ಅನ್ನ ಹಾಕಿಸಿಕೊಂಡಳು. ಮೀನೂ ಉಳಿಯಿತು, ತಿಂಗಳು ಕಳೆದ ಮೇಲೆ ಅದರ ಮನೆಗೂ ಆರು ಜನ ಬಂದರು.

ನಗುತ್ತೀರಿ. ನಿಮ್ಮ ಮನೆಯಲ್ಲಿ ಗಾಜಿನ ತೊಟ್ಟಿ ಇಲ್ಲ, ಅದಕ್ಕೆ ನಗುತ್ತೀರಿ. ಸೊಸೆ ಇಲ್ಲವೇ? ಅವಳು ಸೊರಗಿದರೆ ನೆರೆಮನೆಯವರ ಕಣ್ಣು ಎನ್ನುತ್ತೀರಿ. ನಿಮ್ಮ ನೀರು ಹೇಗಿದೆ, ನೋಡಿದ್ದೀರಾ? ಹೋದವರು ಬಂದವರೆಲ್ಲ ಅವಳಿಗೆ ಒಂದೊಂದು ಚಿಟಿಕೆ ಬುದ್ಧಿ ಹಾಕುತ್ತಾರೆ, ಅದು ಅರಗಬೇಡವೇ?

ಇವತ್ತು ಈ ಕಥೆ ಕೇಳಿ ಪ್ರಸಾದ ತೆಗೆದುಕೊಂಡು ಮನೆಗೆ ಹೋದವರು ಮೆಣಸಿನಕಾಯಿ ಸುಡಬೇಡಿ. ಅವಳ ತವರಿಗೆ ನೀವೇ ಫೋನು ಮಾಡಿ. ಮಾಡಿ, ಫೋನನ್ನು ಅವಳ ಕೈಗೆ ಕೊಟ್ಟು, ಆ ಕೋಣೆಯಿಂದ ಹೊರಗೆ ಬನ್ನಿ.