ಅವನ ಪಾಲಿನ ಮುದ್ದೆ

…ಇಲ್ಲ ಕಲ್ಪನಾ, ಆ ಲ್ಯಾಬಿನೋರೇ ಏನೋ ಎಡವಟ್ಟು ಮಾಡವ್ರೆ ಕಣಮ್ಮ! ಮೂರು ತಿಂಗಳು ಪಥ್ಯ ಮಾಡಿದೋನಿಗೆ ಕೊಲೆಸ್ಟ್ರಾಲ್ ಇಳೀಬೇಕೋ, ಏರ್ಬೇಕೋ? ಹಿಂದೂಪುರದ ಡಾಕ್ಟ್ರು ಹೇಳ್ದಂಗೇ ಮಾಡ್ತಿದ್ದೀಯ… ಎಣ್ಣೆ ಚಮಚದಾಗೆ ಅಳೆದು, ಬಾಡು ಮನೆಗೇ ತರ್ದಂಗೆ. ನಾನು ಕಣ್ಣಾರೆ ನೋಡಿಲ್ವಾ?

ಯಾಕೆ ಹಂಗೆ ನೋಡ್ತೀಯ?

ನಾನೇನು ನಿನ್ನ ಮೇಲೆ ತಪ್ಪು ಹೊರಿಸ್ತಿಲ್ಲ. ಬೈದೋನು ನಿನ್ ಗಂಡ, ನನ್ ಮಗ ಸಾಯಿ. ನೆನ್ನೆ ರಿಪೋರ್ಟು ಹಿಡ್ಕೊಂಡು, ‘ರುಚಿಗೆ ಅಂತ ನೀನೇ ಕದ್ದು ಎಣ್ಣೆ ಸುರೀತೀಯ’ ಅಂದ. ನಾನು… ಅಲ್ಲೇ ಕಡ್ಲೆಕಾಯಿ ಸುಲೀತಾ ಕೂತಿದ್ದೆ. ಹೂಂ, ಬಾಯಿ ಬಿಡ್ಲಿಲ್ಲ. ಗಂಡ ಹೆಂಡ್ತಿ ಮಧ್ಯೆ ಅತ್ತೆ ಯಾಕೆ ಅಂತ…

ಲಾರಿ ಹತ್ತಿದ್ರೆ ಕೊಡಿಕೊಂಡ ಚೆಕ್‌ಪೋಸ್ಟ್ ಹತ್ರ ಢಾಬಾದಾಗೆ ಏನು ತಿಂತಾನೋ! ಏನು, ತಲೆ ಅಲ್ಲಾಡಿಸ್ತೀಯ? ಸರಿ, ಮನೆ ಡಬ್ಬಿ ಕಟ್ಕೊಂಡು ಹೋಯ್ತಾನೆ. ಖಾಲಿ ಮಾಡ್ಕೊಂಡೇ ಬತ್ತಾನೆ, ಅದೂ ಸರಿ…

ಅಯ್ಯೋ, ಆ ಡಬ್ಬಿ ಯಾಕೆ ತೆಗೀತೀಯ? ಅದು ಸಾಯಿ ಪಾಲಿನ ಮುದ್ದೆ! ಸ್ನಾನ ಮುಗಿಸಿ ಈಗ ಬತ್ತಾನೆ. ನಿಂಗೆ ಬೇರೆ ಇಟ್ಟೀನಿ… ವದ್ದಮ್ಮಾ, ಬ್ಯಾಡ, ಮುರೀಬ್ಯಾಡ… ಕಲ್ಪನಾ!

…

ತುಪ್ಪ. ಹೂಂ, ತುಪ್ಪಾನೇ.

ಮುದ್ದೆ ಕಟ್ಟುವಾಗ ಹೆಬ್ಬೆಟ್ಟಿನಾಗೆ ಗುಳಿ ಮಾಡಿ, ಎರಡು ಚಮಚ ಹುಯ್ದು ಮುಚ್ಚಿಬುಡ್ತೀನಿ. ದಿನಾ. ಅದಕ್ಕೇ ಕಣಮ್ಮ, ನಿನ್ ಮುದ್ದೆ ಗಂಟಾಗ್ತೈತೆ ಅಂತ ಸುಳ್ಳು ಹೇಳಿ ಕೋಲು ಕಿತ್ಕೊಂಡಿದ್ದು. ಒಣಗಿದ ಬಾಯಾಗೆ ಸೊಪ್ಪು ನುಂಗೋ ಮಗನ್ನ ನೋಡಿ ಕರುಳು ಚುರ್ ಅಂತು… ಅವನಿಗೂ ಗೊತ್ತು. ತಿಂತಾನೆ, ಸುಮ್ಕಿರ್ತಾನೆ. ನೆನ್ನೆ ನಿನ್ನ ಬೈಯುವಾಗ ಒಂದ್ಸಲ ನನ್ ಮುಖ ನೋಡ್ದ. ನಾನು ತಲೆ ತಗ್ಗಿಸ್ಬುಟ್ಟೆ. ನೀನು ಸೆರಗಿನಾಗೆ ಕಣ್ಣು ಒರೆಸ್ಕೊಂಡು ಒಳಗೆ ಹೋದೆ… ಥೂ, ನನ್ ಜನ್ಮಕ್ಕಿಷ್ಟು! ನಾಚ್ಕೆ ಆಗ್ತೈತೆ ಕಣಮ್ಮ, ನಿನ್ ಮುಂದೆ ನಿಲ್ಲಾಕೆ.

ಬೈಯಮ್ಮ! ಬಾಯಿಗೆ ಬಂದಂಗೆ ಬೈ!

ಆ ಫೋಟೋ ಯಾಕೆ ನೋಡ್ತೀಯ?

ನಿಮ್ ಮಾವನ ಮಾತು ಬ್ಯಾರೆ. ಕಲ್ಯಾಣದುರ್ಗದ ಬಸ್‌ಸ್ಟ್ಯಾಂಡಿನಾಗೆ ಎದೆ ಹಿಡ್ಕೊಂಡು ಕೂತೋರು ಮತ್ತೆ ಏಳ್ಲಿಲ್ಲ. ಆಗ ಅವರಿಗೆ ನಲವತ್ತೆರಡು ವರ್ಷ. ಹಣೆಬರಹ ಅಂತ ಎಲ್ರೂ ಅಂದ್ರು, ನಾನೂ ಅಂದೆ. ಇಪ್ಪತ್ತು ವರ್ಷದಿಂದ ಅದೇ ಹೇಳ್ಕೊಂಡು ಬಂದೀನಿ. ಬರೋ ಯುಗಾದಿಗೆ ಸಾಯಿಗೆ ನಲವತ್ತು…

ಕಣ್ಣು ತೆಗಿಯಮ್ಮ ಅಲ್ಲಿಂದ. ನಿಂಗೆ ಕೈ ಮುಗೀತೀನಿ.

…

ಹೂಂ. ಅವರಿಗೂ ಡಾಕ್ಟ್ರು ತುಪ್ಪ ಬ್ಯಾಡ ಅಂದಿದ್ರು. ಅವರ ಮುದ್ದೆನೂ ನಾನೇ ಕಟ್ತಿದ್ದೆ.